ಶಿಲುಬೆಗೆ ಹತ್ತು ಹೆಜ್ಜೆ ಕೆಳಗೆ

ಜುಲೈ 7, ಬೆಳಿಗ್ಗೆ

ಸೂಪು ಮಾಡಿದೆ, ನಾನೇ ಕುಡಿದೆ. ಗಿರಾಕಿಯೇ ಇಲ್ಲ, ಇದು ಐದನೇ ದಿನ. ಕೆಳಗಿನ ಹುಲ್ಲುಗಾವಲಿನ ಕಾಸ್ಪರ್ ಗೇಟಿಗೆ ಬೀಗ ಜಡಿದು ‘ಹೋರಿ ಇದೆ, ಎಚ್ಚರಿಕೆ’ ಅಂತ ಬೋರ್ಡು ತೂಗುಹಾಕಿದ್ದಾನೆ. ಹೋರಿಯಂತೆ! ಇರುವುದು ಹನ್ನೊಂದು ಹಾಲು ಕೊಡುವ ಹಸು. ಕೆಳಗಿನಿಂದ ಈ ಬುರ್ಗಿಯ, ಅಂದರೆ ನನ್ನ, ಹೋಟೆಲಿಗೂ, ಮೇಲೆ ಶಾಫ್‌ನಾಕ್ ತುದಿಗೂ ಅದೊಂದೇ ದಾರಿ. ಮೊದಲೇ 1,874 ಮೀಟರಿನ ಪುಟ್ಟ ಬೆಟ್ಟ, ದೊಡ್ಡ ಶಿಖರ ಬಿಟ್ಟು ಇಲ್ಲಿಗೆ ಬರುವವರೇ ಕಡಿಮೆ.

ತಪ್ಪು ನನ್ನದೂ ಇದೆ. ಚೀಸ್ ಸ್ಪರ್ಧೆಯಲ್ಲಿ ತೀರ್ಪುಗಾರ್ತಿಯಾಗಿ ಅವನಿಗೆ ಮೂರನೇ ಬಹುಮಾನ ಕೊಟ್ಟೆ. ಸ್ಪರ್ಧೆಯಲ್ಲಿದ್ದವರೇ ಮೂವರು.

ಜುಲೈ 9

ಉಪಾಯ ಹೊಳೆಯಿತು. ನಮ್ಮ ಅಜ್ಜಂದಿರು ತುದಿಯಲ್ಲಿ ಶಿಲುಬೆ ನೆಟ್ಟಾಗಿನಿಂದ ಬಂದ ಪದ್ಧತಿ — ಅದರ ಬಳಿ ಎದುರಾದವರು ಕೈ ಕುಲುಕಲೇಬೇಕು. ಕುಲುಕಿದ ಮೇಲೆ ಜಗಳವನ್ನು ಕೆಳಗೆ ಒಯ್ಯುವಂತಿಲ್ಲ. ಕಾಸ್ಪರ್ ಪ್ರತಿ ಭಾನುವಾರ ಹತ್ತುತ್ತಾನೆ...

ಜುಲೈ 13, ಭಾನುವಾರ

ಮುಂಚೆಯೇ ಹೋಗಿ ಕೂತೆ. ಬಂದ. ನನ್ನನ್ನು ಕಂಡ. ಶಿಲುಬೆಗೆ ಹತ್ತು ಹೆಜ್ಜೆ ಇರುವಾಗ ಕಲ್ಲಿನ ಮೇಲೆ ಕುಕ್ಕರಿಸಿದ.

“ಬಾರೋ ಮೇಲೆ, ಮೊಂಡ!”

“ನೀನ್ ಇಳಿ ಬುರ್ಗಿ, ಆಮೇಲ್ ಬರ್ತೀನಿ.”

“ಮಂಡಿ ನೋವಾ?”

“ಮೂರನೇ ಬಹುಮಾನದ ಮಂಡಿ ಕಣೇ. ಹತ್ತಲ್ಲ.”

ಎರಡು ಗಂಟೆ ಹೀಗೇ. ಮಳೆ ಬಂತು. ಇಬ್ಬರೂ ತೊಯ್ದು ತೊಪ್ಪೆಯಾದೆವು, ಅಲುಗಲಿಲ್ಲ.

ಜುಲೈ 20

ಮತ್ತೆ ಹತ್ತೇ ಹೆಜ್ಜೆ. ಎಣಿಸಿ ಕೂರುತ್ತಾನೆ, ಹಾಳಾದವನು. ನನಗೆ ಕಾಣಲೆಂದೇ ಬ್ರೆಡ್ಡಿನ ಜೊತೆ ತನ್ನ ಚೀಸ್ ತಿಂದ. ಘಮಘಮ. ಬಾಯಲ್ಲಿ ನೀರೂರಿತು.

ಸ್ಪರ್ಧೆಯ ದಿನ ನನಗೆ ನೆಗಡಿ. ಮೂಗು ಕಟ್ಟಿ ರುಚಿಯೇ ಹತ್ತಿರಲಿಲ್ಲ. ಯಾರಿಗೂ ಹೇಳಿಲ್ಲ.

ಜುಲೈ 26

ಕುರ್ಚಿಗಳನ್ನು ಒಳಗೆ ಹಾಕಿದೆ. ನಾಳೆಯೂ ಅವನು ಬಗ್ಗದಿದ್ದರೆ ಹೋಟೆಲು ಮುಚ್ಚುವುದೇ. ಇಪ್ಪತ್ತೆರಡು ಬೇಸಿಗೆ ನಡೆಸಿದ್ದು. ಅತ್ತುಬಿಟ್ಟೆ.

ಜುಲೈ 27, ಶಿಲುಬೆಯ ಬುಡದಲ್ಲಿ

ಕೂಗಿ ಹೇಳಿಬಿಟ್ಟೆ — “ಅವತ್ತು ನಂಗೆ ನೆಗಡಿ ಇತ್ತು ಕಣೋ! ಮೂರು ಚೀಸೂ ಮೇಣ ತಿಂದಂಗಿತ್ತು!”

ಎದ್ದ. ಹತ್ತೂ ಹೆಜ್ಜೆ ಹತ್ತಿದ.

“ಮೊದ್ಲೇ ಬೊಗಳೋಕೆ ಏನಾಗಿತ್ತೇ ನಿಂಗೆ?”

“ಮರ್ಯಾದೆ ಕಣೋ, ಮರ್ಯಾದೆ.”

ಕೈ ಚಾಚಿದ, ಕುಲುಕಿದೆವು. ಗೇಟಿನ ಬೀಗದಕೈ ನನ್ನ ಮಡಿಲಿಗೆ ಬಿತ್ತು. ಅಬ್ಬಾ, ಬದುಕಿದೆ!

ಇದನ್ನು ಬರೆಯುತ್ತಿರುವುದು ಎಡಗೈಯಲ್ಲಿ. ಬಲಗೈ ಅವನಿನ್ನೂ ಬಿಟ್ಟಿಲ್ಲ. ಚೀಸಿನ ತುಂಡೊಂದು ನನ್ನ ಬಾಯಿಗಿಟ್ಟು, “ಈಗ ಮೂಗು ಸರಿಯಿದೆ ತಾನೆ? ನಿಜವಾದ ತೀರ್ಪು ಬರಿ” ಅಂತ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾನೆ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ಆದರೂ ಸುಳ್ಳು ಯಾಕೆ ಬರೆಯಲಿ, ಎರಡನೇ ಬ—