ಕುಬಸದ ಸೀರೆ ಮತ್ತು ಹೆರಿಗೆ ರಜೆ

ದೊಡವಾಡದಲ್ಲಿರುವ ಅತ್ತೆ ಶಟ್ಟೆವ್ವನವರಿಗೆ, ಬೈಲಹೊಂಗಲದಿಂದ ಸೊಸೆ ಮಾಲಾ ಕೈಮುಗಿದು ಬರೆಯುವುದು.

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ, ನಡುವೆಯೇ ಅಳುತ್ತೀರಿ. ಅದಕ್ಕೇ ಈ ಪತ್ರ. ಕನ್ನಡಕ ಹಾಕಿಕೊಂಡು ನೀವೇ ಓದಿ. ಇದನ್ನು ತಂದುಕೊಡುವ ನಿಮ್ಮ ಮಗನ ಕೈಗೇ ಓದಲು ಕೊಟ್ಟರೆ, ನಿಮಗೆ ನೋವಾದೀತೆಂದು ಅರ್ಧ ನುಂಗಿ ಓದುತ್ತಾರೆ.

ನಾನು ಬಸಿರೆಂಬ ಸುದ್ದಿ ಈಗಲೇ ಯಾರಿಗೂ ಬೇಡ ಎಂದು ಬೇಡಿಕೊಂಡಿದ್ದೆ. ನೀವದನ್ನು ದೃಷ್ಟಿ ತಾಗೀತೆಂಬ ಭಯ ಎಂದುಕೊಂಡಿರಿ. ನನಗಿದ್ದದ್ದು ಜವಳಿ ಅಂಗಡಿಯ ಮಾಲೀಕ ಶಂಕ್ರೆಪ್ಪನವರ ಭಯ. ನನ್ನ ಜೊತೆ ಸೀರೆ ತೋರಿಸುತ್ತಿದ್ದ ಸೀತವ್ವ ಬಸಿರಾದಾಗ, "ಹಡದು ಬಾರವಾ, ನಿನ್ನ ಜಾಗಾ ಎಲ್ಲಿ ಹೊಕ್ಕೈತಿ" ಎಂದು ರಾಜೀನಾಮೆ ಬರೆಸಿಕೊಂಡರು. ಕೂಸಿಗೆ ಹಲ್ಲು ಬಂದರೂ ಅವಳನ್ನು ವಾಪಸ್ ಕರೆಯಲಿಲ್ಲ. ನಾನು ಡಾಕ್ಟರ ಚೀಟಿ ಜೋಡಿಸಿ, ಪಗಾರದ ಹೆರಿಗೆ ರಜೆಗೆ ಅರ್ಜಿ ಹಾಕಿ, ಆಮೇಲೆ ಬಾಯಿ ಬಿಡಬೇಕೆಂದಿದ್ದೆ.

ಅಷ್ಟರಲ್ಲಿ ನೀವು ನನ್ನ ಐದನೇ ತಿಂಗಳ ಕುಬಸಕ್ಕೆ ಹಸಿರು ಸೀರೆ ಹುಡುಕಿಕೊಂಡು ಬಂದದ್ದು ನಮ್ಮದೇ ಅಂಗಡಿಗೆ! ಬೈಲಹೊಂಗಲದಲ್ಲಿ ಬೇರೆ ಅಂಗಡಿಗೇನು ಬರಗಾಲವೇ? ನಾನು ಊಟಕ್ಕೆ ಹೋಗಿದ್ದೆ. ನೀವು ಗಲ್ಲಾದ ಮುಂದೆ ನಿಂತು, "ಸೊಸಿಗೆ ಐದರಾಗ ಕುಬಸ ಮಾಡಾಕತ್ತೇವ್ರೀ ಸಾವ್ಕಾರ್ರ, ನಿಮ್ಮ ಮನ್ಯಾಗಿನವ್ರನ್ನ ಕಳಸ್ರಿ" ಎಂದು ಪೇಡೆ ಕೊಟ್ಟಿರಿ. ಅವರು ನಗುತ್ತಲೇ ತಿಂದರಂತೆ. ಸಂಜೆ ನನ್ನ ಮುಂದೆ ಬಿಳಿ ಹಾಳೆ ಇಟ್ಟರು. ರಜೆ ನನ್ನ ಹಕ್ಕು ಎಂದೆ. "ಮನ್ಯಾಗ ಕುಂತಾಕಿಗೆ ಪಗಾರ ಕೊಡಾಕ ಇದೇನ್ ಧರ್ಮಛತ್ರ ಏನವಾ?" ಎಂದರು. ನಾನು ರಾಜೀನಾಮೆ ಬರೆಯಲಿಲ್ಲ. ಮರುದಿನ ಅಂಗಡಿಯೊಳಗೆ ಬಿಡಲಿಲ್ಲ.

ನಾನು ದೂರು ಕೊಟ್ಟೆ. ಈಗ ಕಾರ್ಮಿಕ ಅಧಿಕಾರಿಯ ಮುಂದೆ ಅವರು ಹೇಳುವುದೇ ಬೇರೆ. ಗಿರಾಕಿಗಳ ಜೊತೆ ಜಗಳವಾಡಿದ್ದಕ್ಕೆ ತೆಗೆದರಂತೆ. ಬಸಿರೆಂಬುದು ತಮಗೆ ಗೊತ್ತೇ ಇರಲಿಲ್ಲವಂತೆ! ನನ್ನ ಹೊಟ್ಟೆಯೂ ಇನ್ನೂ ಸೆರಗಿನಲ್ಲಿ ಮುಚ್ಚುವಷ್ಟೇ ಇದೆ. ನಿಮ್ಮ ಮಾತು ಕೇಳಿಸಿಕೊಂಡ ಜೊತೆಯ ಕೆಲಸದವರು ತಲೆ ತಗ್ಗಿಸಿದ್ದಾರೆ. ಅವರ ಮನೆಯಲ್ಲೂ ಒಲೆ ಉರಿಯಬೇಕು, ಬೈಯಲಾರೆ. ಶಂಕ್ರೆಪ್ಪನವರಿಗೆ ಗೊತ್ತಿತ್ತು ಎಂದು ಹೇಳಬಲ್ಲವರು ನೀವೊಬ್ಬರೇ.

ನಿಮ್ಮ ಮೇಲೆ ಸಿಟ್ಟು ಬಂದಿತ್ತು ಅತ್ತೆ, ಮುಚ್ಚಿಡುವುದಿಲ್ಲ. ಎರಡು ದಿನ ನಿಮ್ಮ ಫೋನು ಎತ್ತಲಿಲ್ಲ. ಆದರೆ "ನನ್ನಿಂದ ಕೆಟ್ಟಿತು, ಸಾವ್ಕಾರ್ರ ಕಾಲಿಗೆ ಬೀಳತೇನಿ" ಎಂದು ಉಪವಾಸ ಕೂತಿದ್ದೀರೆಂದು ನಿಮ್ಮ ಮಗ ಹೇಳಿದಾಗ ಕರುಳು ಚುರ್ ಎಂದಿತು. ಮೊಮ್ಮಗು ಬರುವ ಸುದ್ದಿಯನ್ನು ಸಂತೋಷಕ್ಕೆ ಹೇಳಿದಿರಿ. ಅದರಲ್ಲಿ ಏನು ತಪ್ಪು? ಊಟ ಮಾಡಿ.

ಸೋಮವಾರ ವಿಚಾರಣೆ. ನೀವು ಬರದಿದ್ದರೂ ನಾನು ಹೋಗುತ್ತೇನೆ, ಆದರೆ ಸೋತು ಬರುತ್ತೇನೆ. ಬಂದರೆ, ಶಂಕ್ರೆಪ್ಪನವರು ಎದುರಿಗಿದ್ದಾರೆಂದು ಎಂದಿನಂತೆ ಸೆರಗು ಎಳೆದುಕೊಂಡು ನೆಲಕ್ಕೆ ಕೂಡಬೇಡಿ. ಕುರ್ಚಿ ಹಾಕುತ್ತಾರೆ, ಅದರ ಮೇಲೆ ಕೂಡಿ. ಕೇಳಿದಾಗ "ನಾನ ಹೇಳೀನ್ರಿ" ಅನ್ನಿ, ಅಷ್ಟು ಸಾಕು.

ನನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಹರಸಿ. ಸುದ್ದಿ ಹೇಳುವ ನಿಮ್ಮ ಉತ್ಸಾಹವನ್ನು ದೇವರು ಸೋಮವಾರದವರೆಗೂ ಕಾಪಾಡಲಿ.

ಹಾದಿ ನೋಡುತ್ತಿರುವ ನಿಮ್ಮ ಸೊಸೆ,
ಮಾಲಾ