ಸೇರಿದ ದಿನದ ಬಿಪಿ

ಅಪ್ಪಾ,

ಗೆದ್ದೆವು. ಇವತ್ತು ದಾಸರಹಳ್ಳಿ ಮನೆಗೆ ಸೈನಿಕರ ಟ್ರಿಬ್ಯುನಲ್ ಆದೇಶ ಬಂತು. ‘ಬಿಪಿ ಮಿಲಿಟರಿಯಿಂದ ಬಂದದ್ದಲ್ಲ’ ಎಂದು ನಿನ್ನ ಅಂಗವೈಕಲ್ಯ ಪಿಂಚಣಿ ತಿರಸ್ಕರಿಸಿದವರ ಮುಖಕ್ಕೆ ಹೊಡೆದಂತೆ ಬರೆದಿದ್ದಾರೆ: ಆರೋಗ್ಯವಾಗಿ ಸೇರಿದವನಿಗೆ ರೋಗ ಕೊಟ್ಟದ್ದು ಸೇವೆಯೇ. ಪೀಣ್ಯದ ನಮ್ಮ ಯೂನಿಯನ್ ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮಿಲಿಟರಿ ಡಾಕ್ಟರರ ಮರುತಪಾಸಣೆಗೆ ಮುಂಚೆ ನಾನೇ ಹೇಳಿದ್ದೆ: ‘ನಾಲ್ಕು ದಿನ ಬಿಪಿ ಗುಳಿಗಿ ಬಿಡಪ್ಪ, ಬಿಪಿ ಏರಿದ್ರನ ಆ ಡಾಕ್ಟರು ನಂಬ್ತಾರ.’

ನೀನು ನಕ್ಕು ಸೆಲ್ಯೂಟ್ ಹೊಡೆದೆ. ‘ಆತು ಲೀಡರವ್ವಾ, ನಿನ್ನ ಆರ್ಡರು.’

ಮೂರನೆಯ ದಿನ ಬಚ್ಚಲಲ್ಲಿ ಬಿದ್ದವನು ಏಳಲೇ ಇಲ್ಲ.

ಆದೇಶದ ಹನ್ನೊಂದು ಪುಟಗಳನ್ನೂ ಈಗ ಮತ್ತೆ ಹುಡುಕಿದೆ, ಅಪ್ಪಾ. ಅವರು ನೋಡಿರುವುದು ನೀನು ಸೈನ್ಯ ಸೇರಿದ ದಿನದ ಬಿಪಿ. ಕೊನೆಗೆ ಅದು ಎಷ್ಟು ಏರಿತ್ತೆಂದು ಯಾರೂ ಕೇಳಿಯೇ ಇಲ್ಲ.

ಮಹಾನಂದಾ