ಅರ್ಧ ಪುಡಿ ಸಾಕು, ಅಪ್ಪಾ

ಮರುಬಿತ್ತನೆಯ 212ನೆಯ ವರ್ಷ
ಸೋಯಾ ಕೊಯ್ಲಿನ ತಿಂಗಳು, ತಾರೀಕು 41
ಭಾಲ್ಕಿ ದಿಬ್ಬದ ಕೂಡುಮನೆ

ಪ್ರೀತಿಯ ವಿದ್ಯಾವತಿ ಅಕ್ಕನವರಿಗೆ ನೀಲಾಂಬಿಕೆಯ ಶರಣು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಕೊನೆಯ ಹೊಲದ ಕೊಯ್ಲು ಮುಗಿಯುವ ತನಕ ತಿಂಗಳು ಮುಗಿಯುವುದಿಲ್ಲ. ಈ ಸಲ ಮೋಡ ಕಾಡಿಸಿದ್ದರಿಂದ ನಲವತ್ತೊಂದಕ್ಕೆ ಬಂದು ನಿಂತಿದೆ. ನನ್ನ ಕನ್ನಡವೂ ನಿಮಗೆ ಒಂದು ಥರ ಕಾಣಬಹುದು, ಕ್ಷಮಿಸಬೇಕು. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಔಷಧಿ ಚೀಟಿ, ಮದುವೆ ಕಾರ್ಡು, ಬಸ್ಸಿನ ಬೋರ್ಡುಗಳಿಂದ. ನಡುವೆ ಎಲ್ಲಾದರೂ ‘ಊಟದ ನಂತರ ಒಂದು’ ಎಂದೋ ‘ತಮ್ಮ ಆಗಮನಾಭಿಲಾಷಿಗಳು’ ಎಂದೋ ನುಸುಳಿದರೆ ನಕ್ಕು ಮುಂದೆ ಓದಿ. ಲೆಕ್ಕ ಹಿಡಿದರೆ ನೀವು ನನ್ನ ಅಜ್ಜಿಯ ಅಜ್ಜಿಗೂ ಹಿರಿಯರು. ಆದರೆ ನಿಮ್ಮ ಅಕ್ಷರ ನೋಡಿದರೆ ಮೂವತ್ತು ದಾಟಿದವರ ಹಾಗೆ ಕಾಣುವುದಿಲ್ಲ, ಅದಕ್ಕೇ ಅಕ್ಕ ಎನ್ನುತ್ತೇನೆ.

ಕೂಡುಮನೆ ಎಂದರೆ ತೊಂಬತ್ತು ಮನೆಯವರು ಒಂದೇ ಅಡುಗೆಮನೆಯಲ್ಲಿ ಬೇಯಿಸಿ ಒಂದೇ ಪಡಸಾಲೆಯಲ್ಲಿ ಉಣ್ಣುವ ಜಾಗ. ಅಲ್ಲಿ ಕಾಯಿಲೆಯವರ ಪಾತ್ರೆ ನೋಡಿಕೊಳ್ಳುವವಳು ನಾನು. ಹಸಿವಿನ ವರ್ಷಗಳು ಮುಗಿದು ನಮ್ಮ ಹಿರಿಯರು ಈ ದಿಬ್ಬಕ್ಕೆ ಬಂದಾಗ ಕರಿಮಣ್ಣಿನಲ್ಲಿ ಚೆನ್ನಾಗಿ ಬಂದದ್ದು ಸೋಯಾ ಒಂದೇ. ಅದನ್ನು ಹೇಗೆ ಉಣ್ಣಬೇಕು ಎಂದು ತಿಳಿಯದೆ ಒದ್ದಾಡುತ್ತಿದ್ದಾಗ, ಬುನಾದಿ ತೋಡುವಾಗ ಸಿಕ್ಕ ಒಂದು ತಗಡಿನ ಟ್ರಂಕಿನಲ್ಲಿ ಒಂದು ಕನ್ನಡಕ ಮತ್ತು ಒಡೆಯದ ಒಂದು ಪಾಕೀಟು ಇದ್ದವು. ಸೋಯಾ ನೂಡಲ್ಸ್ ಸೂಪಿನ ಪಾಕೀಟು. ಅದನ್ನು ನೋಡಿಯೇ ಸೋಯಾ ಹಿಟ್ಟಿನಿಂದ ಎಳೆ ತೆಗೆಯುವುದನ್ನು ಕಲಿತರು. ನೀವು ನೂಡಲ್ಸ್ ಎನ್ನುವುದನ್ನು ನಾವು ಉದ್ದೆಳೆ ಎನ್ನುತ್ತೇವೆ. ಅಂಗಳದ ತುಂಬ ಹಗ್ಗಗಳ ಮೇಲೆ ಒಣಹಾಕುತ್ತೇವೆ, ಅದರ ಕೆಳಗೆ ಓಡಾಡಿ ಮಕ್ಕಳು ಬೆನ್ನಿಗೆ ಏಟು ತಿನ್ನುತ್ತಾರೆ. ದಿನಕ್ಕೊಮ್ಮೆಯಾದರೂ ಉದ್ದೆಳೆ ಸೂಪು ಕುಡಿಯದವರು ನಮ್ಮಲ್ಲಿ ಯಾರೂ ಇಲ್ಲ.

ಆ ಪಾಕೀಟಿನ ಹಿಂಬದಿಯಲ್ಲಿ ಪೌಷ್ಟಿಕಾಂಶದ ಪಟ್ಟಿ ಅಚ್ಚಾಗಿತ್ತು. ಹಿರಿಯರು ಪಟ್ಟಿ ಕಾಣುವ ಹಾಗೆ ಪಾಕೀಟನ್ನು ಹಲಗೆಗೆ ಮೊಳೆ ಹೊಡೆದು ಪಡಸಾಲೆಯಲ್ಲಿ ತೂಗುಹಾಕಿದರು. ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಮೊದಲು ಅದನ್ನು ಗಟ್ಟಿಯಾಗಿ ಓದುವುದು ರೂಢಿ. ಈಗ ಓದುವವರು ಮಾಣಿಕಪ್ಪನವರು, ಎಪ್ಪತ್ತರ ಹಿರಿಯರು, ಒಂದು ಅಂಕಿ ತಪ್ಪಿದರೂ ಮೊದಲಿನಿಂದ ಓದುತ್ತಾರೆ. ನೂರು ಗ್ರಾಮಿನಲ್ಲಿ ಶಕ್ತಿ ನಾನೂರ ಮೂವತ್ತು, ಪ್ರೋಟೀನು ಹದಿನೆಂಟು, ಕೊಬ್ಬು ಹನ್ನೆರಡು, ನಾರು ಆರು, ಸೋಡಿಯಂ ಎರಡು ಸಾವಿರದ ನೂರು. ನಾವು ತೂಗುವುದು ಬೀಜಗಳ ತೂಕದಲ್ಲಿ. ಅಂಕಿಯ ಹಿಂದಿದ್ದ ಗ್ರಾಂ, ಮಿಲಿಗ್ರಾಂ ಯಾರ ತಲೆಗೂ ಹೋಗಿರಲಿಲ್ಲ. ಸೋಡಿಯಂ ಎಂದರೆ ಉಪ್ಪು ಎಂಬುದಷ್ಟೇ ಗೊತ್ತಿತ್ತು. ಎಲ್ಲಕ್ಕಿಂತ ದೊಡ್ಡ ಅಂಕಿ ಅದರದು, ಹಾಗಾದರೆ ಎಲ್ಲಕ್ಕಿಂತ ಹೆಚ್ಚಿನ ಸತ್ವವೂ ಅದರಲ್ಲೇ ಎಂದು ಹಿರಿಯರು ತೀರ್ಮಾನಿಸಿಬಿಟ್ಟರು. ಆ ಅಂಕಿ ಬಂದಾಗ ಎಲ್ಲರೂ ತಲೆಬಾಗುತ್ತಿದ್ದೆವು. ಬಾಣಂತಿಗೆ ಒಂದು ಚಿಟಿಕೆ ಉಪ್ಪು ಹೆಚ್ಚು, ಕಾಯಿಲೆಯವರಿಗೆ ಎರಡು. ಪಾಪ, ಹದಿನೆಂಟು ಪ್ರೋಟೀನನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

ನನ್ನನ್ನು ಸಾಕಿದವಳು ನಮ್ಮಜ್ಜಿ ಕಾಶೆಮ್ಮ. ನಾನು ಅವಳನ್ನು ಅವ್ವ ಎನ್ನುತ್ತೇನೆ. ಹೋದ ವರ್ಷ ಬಿತ್ತನೆಯ ಹೊತ್ತಿಗೆ ಅವಳ ಕಾಲು ಬಾತವು. ಕಾಲುಂಗುರ ಬೆರಳೊಳಗೆ ಹುಗಿದುಹೋಯಿತು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ನಾನು ಎರಡು ಚಿಟಿಕೆ ಹೆಚ್ಚು ಹಾಕಿದೆ. ಬಾವು ಏರಿತು, ನಾಲ್ಕು ಚಿಟಿಕೆ ಹಾಕಿದೆ. ನನ್ನ ಕೈಯಾರೆ ಹಾಕಿದೆ, ಅಕ್ಕ. ಒಂದು ದಿನ ಅವಳು ಬಟ್ಟಲು ಹಿಡಿಯಲಾರದೆ ಕೆಳಗಿಟ್ಟಳು. ಅವಳು ಉಳಿಯುವುದಿಲ್ಲ ಎಂದು ಎಲ್ಲರೂ ಮುಖಮುಖ ನೋಡಿಕೊಂಡರು.

ಅದೇ ವಾರ ಪಡಸಾಲೆಗೆ ಸುಣ್ಣ ಬಳಿಯುವ ಸರದಿ ನನ್ನದಿತ್ತು. ಹಲಗೆ ಇಳಿಸಿದೆ, ತುಕ್ಕು ಹಿಡಿದ ಮೊಳೆಗಳು ಉದುರಿ ಪಾಕೀಟು ಕೈಗೆ ಬಂತು. ಹಲಗೆಗೆ ಮೊಳೆ ಹೊಡೆದಂದಿನಿಂದ ಅದರ ಮುಖವನ್ನು ಯಾರೂ ನೋಡಿರಲಿಲ್ಲ. ಒಂದು ಬಟ್ಟಲಿನ ಚಿತ್ರ, ಅದರ ಮೇಲೆ ಅಡ್ಡಡ್ಡವಾಗಿ ನೀಲಿ ಪೆನ್ನಿನಲ್ಲಿ ನಿಮ್ಮ ಅಕ್ಷರ.

“ಅಪ್ಪಾ, ಪುಡಿ ಅರ್ಧಾನೇ ಹಾಕ್ಕೊ. ಬರೇ ಉಪ್ಪ ಅದ ಅದ್ರಾಗ. ಕಾಲು ಹ್ಯಾಂಗ ಬಾತಾವ ನೋಡು. ಸೋಯಾದಾಗ ಶಕ್ತಿ ಅದ, ಪುಡ್ಯಾಗಿಲ್ಲ. ಮ್ಯಾಲೊಂದು ತತ್ತಿ ಒಡ್ದು, ಮೆಂತೆಪಲ್ಯ ಒಂದ್ ಹಿಡಿ ಹಾಕ್ಕೊ. ಆಸ್ಪತ್ರಿ ಡ್ಯೂಟಿ ಮುಗ್ಸಿ ಬರ್ತೀನಿ. ವಿದ್ಯಾವತಿ.”

ಸುಣ್ಣದ ಕೈಯಲ್ಲೇ ಮಾಣಿಕಪ್ಪನವರ ಹತ್ತಿರ ಓಡಿದೆ. ಅವರು ಎರಡು ಸಲ ಓದಿ, “ಅಚ್ಚಿನ ಮುಂದ ಕೈಬರಹ ಏನ್ ಲೆಕ್ಕ? ಬರ್ದಾಕಿ ಯಾರಂತ ಗೊತ್ತದ ಏನು?” ಎಂದರು. ನನಗೆ ಸಿಟ್ಟು ಬಂತು. “ಬರ್ದಾಕಿ ಅಪ್ಪನ ಕಾಲ ನೋಡಿ ಬರ್ದಾಳ. ನೀವು ನಮ್ಮವ್ವನ ಕಾಲ ನೋಡೀರೇನು?” ಎಂದೆ. ಅವರಿಗೆ ಎದುರು ಮಾತನಾಡಿದ್ದು ಅದೇ ಮೊದಲು. ಅವರು ಪಾಕೀಟನ್ನು ನನ್ನ ಕೈಗೇ ವಾಪಸು ಕೊಟ್ಟರು.

ಅಂದೇ ಅವ್ವನಿಗೆ ನಿಮ್ಮ ಮಾತಿನಂತೆ ಮಾಡಿದೆ. ಒಂದು ಗುಟುಕು ಕುಡಿದವಳೇ ಮುಖ ಕಿವುಚಿ, “ಏನ್ ಹುಡುಗಿ, ಉಪ್ಪು ತುಟ್ಟಿ ಆಗ್ಯದೇನು?” ಎಂದಳು. ತತ್ತಿ ಮಾತ್ರ ಬಿಡಲಿಲ್ಲ. ಹನ್ನೆರಡನೆಯ ದಿನ ಅವಳ ಕಾಲುಂಗುರ ಬೆರಳಲ್ಲಿ ತಿರುಗಿತು. ನಾನು ಅದನ್ನು ತಿರುಗಿಸುತ್ತ ತಿರುಗಿಸುತ್ತ ಅತ್ತೆ. ಹಿಂದೆ ನಿಂತು ನೋಡಿದ ಮಾಣಿಕಪ್ಪನವರು ಮರುದಿನ ತಾವೇ ಒಂದು ಬಟ್ಟಲು ಸಪ್ಪೆ ಸೂಪು ಕೇಳಿ ಪಡೆದು, ಕಷ್ಟಪಟ್ಟು ಮುಗಿಸಿದರು. ಆಮೇಲೆ ಎದ್ದು ನಿಂತು, ಪಟ್ಟಿಗಿಂತ ಮೊದಲು ನಿಮ್ಮ ಸಾಲುಗಳನ್ನು ಓದಿದರು. ಈಗ ಅದೇ ರೂಢಿ. ಮಧ್ಯಾಹ್ನವಾದರೆ ಮಕ್ಕಳೆಲ್ಲ ಒಟ್ಟಿಗೆ “ಅಪ್ಪಾ, ಪುಡಿ ಅರ್ಧಾನೇ ಹಾಕ್ಕೊ” ಎಂದು ಕೂಗುತ್ತಾರೆ. ನಿಮ್ಮ ತಂದೆಯ ಹೆಸರು ನಮಗೆ ಗೊತ್ತಿಲ್ಲ, ಆದರೆ ಇಲ್ಲಿ ಅವರು ಎಲ್ಲರಿಗೂ ಅಪ್ಪ. ಪ್ರೋಟೀನಿನ ಹದಿನೆಂಟು ಬಂದಾಗ ತಲೆಬಾಗುತ್ತೇವೆ. ಉಪ್ಪಿನ ಅಂಕಿ ಬಂದಾಗ ಮಕ್ಕಳು ಕಿಸಕ್ಕೆಂದು ನಗುತ್ತಾರೆ.

ಒಂದೇ ಒಂದು ಮಾತು ನಮ್ಮನ್ನು ಕಾಡುತ್ತಿದೆ. ಪಾಕೀಟು ಒಡೆದಿರಲಿಲ್ಲವಲ್ಲ! ಹಾಗಾದರೆ ಅಪ್ಪ ಅದನ್ನು ಉಣ್ಣಲೇ ಇಲ್ಲವೇ? ನೀವು ಡ್ಯೂಟಿಯಿಂದ ಬರುವಷ್ಟರಲ್ಲಿ ಏನಾದರೂ ಆಯಿತೇ? ಕೆಲವರು ಹಾಗೇ ಅನ್ನುತ್ತಾರೆ, ಕೇಳಿ ನನಗೆ ಊಟ ಸೇರುವುದಿಲ್ಲ. ಅವ್ವ ಮಾತ್ರ ಒಪ್ಪುವುದಿಲ್ಲ. “ಮಗಳ ಅಕ್ಷರ ಹರೀಲಾಕ ಯಾವ ಅಪ್ಪಗ ಮನಸ್ಸಾಗ್ತದ? ಬ್ಯಾರೆ ಪಾಕೀಟು ಒಡ್ದಾನ” ಎನ್ನುತ್ತಾಳೆ. ಇರಬಹುದು. ಆದರೆ ಆ ಬೇರೆ ಪಾಕೀಟಿನ ಪುಡಿ ಅರ್ಧ ಹಾಕಿದರೋ ಪೂರ್ತಿ ಸುರಿದುಕೊಂಡರೋ ಯಾರಿಗೆ ಗೊತ್ತು.

ಹಿಂದಂಚೆ ಎಂದು ನಮ್ಮಲ್ಲಿ ಒಂದು ಅಂಚೆ ಇದೆ, ಹಿಂದಿನ ಕಾಲಕ್ಕೆ ಕಾಗದ ಒಯ್ಯುವಂಥದ್ದು. ಒಂದು ಕೂಡುಮನೆಗೆ ವರ್ಷಕ್ಕೆ ಒಂದೇ ಕಾಗದ. ಈ ವರ್ಷದ್ದು ನಿಮಗೇ ಹೋಗಲಿ ಎಂದು ಎಲ್ಲರೂ ಕೈಯೆತ್ತಿದರು, ಮಾಣಿಕಪ್ಪನವರು ಎರಡೂ ಕೈ ಎತ್ತಿದರು. ನೀವು ಆ ಸಾಲು ಬರೆಯುವ ಬೆಳಿಗ್ಗೆಯೇ ಇದು ನಿಮ್ಮ ಕೈ ಸೇರುತ್ತದಂತೆ. ಹಾಗಾಗಿ ಇಷ್ಟು ಮಾಡಿ, ಅಕ್ಕ. ಬರೆಯುವುದನ್ನು ದಯವಿಟ್ಟು ಬಿಡಬೇಡಿ. ನಮ್ಮವ್ವ ಬದುಕಿರುವುದು ಆ ನಾಲ್ಕು ಸಾಲಿನಿಂದ. ಬರೆದ ಪಾಕೀಟನ್ನು ಹಾಗೆಯೇ ಇಡಿ. ಆಮೇಲೆ ಇನ್ನೊಂದು ಪಾಕೀಟು ಒಡೆಯಿರಿ. ಡ್ಯೂಟಿಗೆ ಅರ್ಧ ತಾಸು ತಡವಾದರೆ ಆಗಲಿ. ನೀವೇ ನೀರು ಕುದಿಸಿ, ಅರ್ಧ ಪುಡಿ ಹಾಕಿ, ತತ್ತಿ ಒಡೆದು, ಅಪ್ಪನ ಎದುರು ಕೂತು ಉಣಿಸಿ ಹೋಗಿ. ಸಪ್ಪಗದ ಎಂದು ಅವರು ಗೊಣಗಿದರೆ, ಇನ್ನೂ ಹುಟ್ಟದ ತೊಂಬತ್ತು ಮನೆಯ ಮಕ್ಕಳು ದಿನಾ ಮಧ್ಯಾಹ್ನ ಅವರನ್ನೇ ಕೂಗಿ ಹೇಳುತ್ತಿದ್ದಾರೆ ಎಂದು ಹೇಳಿ.